ಆರಕ್ಕೂ ಏಳಕ್ಕೂ ನಡುವೆ: ಮೂರು ಟೆನ್ಸ್ ಯಂತ್ರಗಳೊಂದಿಗೆ ನಾಲ್ಕು ವರ್ಷ

ಚರ್ಮಕ್ಕೆ ಅಂಟಿಸಿದ ಪ್ಯಾಡ್ ಮೂಲಕ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋವು ತಗ್ಗಿಸುವುದು ಟೆನ್ಸ್ ಯಂತ್ರ. ನನ್ನ ಮೊದಲ ಯಂತ್ರದಲ್ಲಿ ತೀವ್ರತೆಗೆ ಇಪ್ಪತ್ತು ಹಂತಗಳಿದ್ದವು. ಆರರಲ್ಲಿಟ್ಟರೆ ಪ್ಯಾಡಿನ ಕೆಳಗೆ ಏನೋ ಸಣ್ಣಗೆ ಹರಿದಾಡಿದ ಹಾಗೆ. ಏಳಕ್ಕೆ ಒತ್ತಿದರೆ ಸೊಂಟದ ಸ್ನಾಯು ಬಿಗಿಹಿಡಿದು ಉಸಿರು ಕಟ್ಟಿದ ಹಾಗೆ. ನನಗೆ ಬೇಕಾದದ್ದು ಇವೆರಡರ ನಡುವೆ ಎಲ್ಲೋ ಇತ್ತು, ಆದರೆ ಆ ಯಂತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎಂಟು ತಿಂಗಳು ಆರರಲ್ಲೇ ಬಳಸಿ, ಇದರಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಿ, ಪೆಟ್ಟಿಗೆಗೆ ಹಾಕಿ ಕಪಾಟಿನಲ್ಲಿಟ್ಟೆ. ಕೊರತೆ ಇದ್ದದ್ದು ಆ ಗುಂಡಿಯಲ್ಲಿ ಎಂದು ತಿಳಿಯಲು ಬೇರೆ ಯಂತ್ರ ಕೈಗೆ ಬರಬೇಕಾಯಿತು.

ನನ್ನದು ಸೊಂಟದಿಂದ ಎಡಗಾಲಿಗೆ ಇಳಿಯುವ ನೋವು. ಡಿಸ್ಕ್ ಉಬ್ಬಿ ನರಕ್ಕೆ ತಗುಲುತ್ತಿದೆ ಎಂದ ವೈದ್ಯರು ವ್ಯಾಯಾಮ ಬರೆದುಕೊಟ್ಟರು. ವ್ಯಾಯಾಮವೇ ಮುಖ್ಯ ಎಂದು ಗೊತ್ತಿದ್ದರೂ ನೋವು ಜೋರಾಗಿದ್ದ ದಿನ ನೆಲದ ಮೇಲೆ ಮಲಗಿ ಏಳುವುದೇ ದೊಡ್ಡ ಕೆಲಸವಾಗಿತ್ತು. ಫಿಸಿಯೋಥೆರಪಿಸ್ಟ್ ತಮ್ಮ ಕೋಣೆಯಲ್ಲಿ ಟೆನ್ಸ್ ಪ್ಯಾಡ್‌ಗಳನ್ನು ಅಂಟಿಸಿ, ಯಂತ್ರ ಓಡುತ್ತಿರುವಾಗಲೇ ವ್ಯಾಯಾಮ ಮಾಡಿಸುತ್ತಿದ್ದರು. ಅಲ್ಲಿ ಆಗುತ್ತಿದ್ದದ್ದು ಮನೆಯಲ್ಲಿ ಆಗುತ್ತಿರಲಿಲ್ಲ. ಮನೆಗೊಂದು ಯಂತ್ರ ಬೇಕು ಎಂದು ಹೊರಟದ್ದು ಹಾಗೆ. ಅಮ್ಮನಿಗೆ ಎರಡೂ ಮಂಡಿಗಳಲ್ಲಿ ಸವೆತ; ಆಕೆಗೂ ಆದೀತು ಎಂಬ ಆಸೆಯೂ ಇತ್ತು.

ಯಂತ್ರ ಮಾಡುವ ಕೆಲಸವೇನು ಎಂದು ಮೊದಲೇ ತಿಳಿದುಕೊಂಡಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು. ಮೊಣಕೈ ಬಾಗಿಲಿಗೆ ಬಡಿದಾಗ ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ, ಉಜ್ಜಿದರೆ ನೋವು ಸ್ವಲ್ಪ ಹಿಂದೆ ಸರಿಯುತ್ತದೆ. ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರತಂತುಗಳು ಚುರುಕಾದರೆ, ನೋವಿನ ಸುದ್ದಿ ತರುವ ಸಣ್ಣ ತಂತುಗಳನ್ನು ಬೆನ್ನುಹುರಿ ತನ್ನ ಬಾಗಿಲಲ್ಲೇ ತಡೆಯುತ್ತದೆ ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ವಿವರಿಸಿದರು. 'ಗೇಟ್ ಕಂಟ್ರೋಲ್' ಸಿದ್ಧಾಂತ ಎಂದು ಅದಕ್ಕೆ ಹೆಸರು. ಎರಡು ವರ್ಷಗಳ ನಂತರ ವಾಲ್ ಮತ್ತು ವಿಲಿಯಂ ಸ್ವೀಟ್ ಸೇರಿ, ನರಗಳಿಗೆ ವಿದ್ಯುತ್ ಮಿಡಿತ ಕೊಟ್ಟರೆ ಸ್ವಲ್ಪ ಹೊತ್ತು ನೋವು ತಗ್ಗುವುದನ್ನು ರೋಗಿಗಳಲ್ಲೇ ತೋರಿಸಿದರು. ಅದಕ್ಕೂ ಬಹಳ ಹಿಂದೆ, ಮೊದಲನೆಯ ಶತಮಾನದಲ್ಲಿ, ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಕಾಲಿನ ವಾತನೋವಿಗೂ ವಿದ್ಯುತ್ ಮೀನನ್ನು ತಾಗಿಸುವ ಚಿಕಿತ್ಸೆಯನ್ನು ಬರೆದಿಟ್ಟಿದ್ದ. ಅಂದರೆ ಈ ಯಂತ್ರ ಡಿಸ್ಕನ್ನು ಸರಿಮಾಡುವುದಿಲ್ಲ, ಸವೆದ ಮಂಡಿಯನ್ನು ಬೆಳೆಸುವುದಿಲ್ಲ. ನೋವಿನಿಂದ ಒಂದಿಷ್ಟು ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ನಾವೇನು ಮಾಡುತ್ತೇವೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಆ ಬಿಡುವು ಸಿಗಬೇಕಾದರೆ ತೀವ್ರತೆ ಸರಿಯಾಗಿರಬೇಕು. ಫಿಸಿಯೋಥೆರಪಿಸ್ಟ್ ನನಗೆ ಹೇಳಿಕೊಟ್ಟ ಅಳತೆ ಇಷ್ಟೆ: ಜೋರಾಗಿರಬೇಕು, ಆದರೆ ನೋಯಬಾರದು. ಬರೀ ಇದೆಯೋ ಇಲ್ಲವೋ ಎನ್ನುವಷ್ಟು ಜುಮುಜುಮು ಸಾಲದು. ಸಂಶೋಧನೆಗಳಲ್ಲೂ ಸಹಿಸುವ ಮಟ್ಟಿಗೆ ಜೋರಾಗಿ ಕೊಟ್ಟವರಿಗೇ ಹೆಚ್ಚು ಉಪಯೋಗ ಕಂಡಿದೆ. ಹಾಗಾಗಿ ಆರಿಸುವಾಗ ನಾನು ಮೊದಲು ನೋಡುವುದು ತೀವ್ರತೆ ಎಷ್ಟು ಸಣ್ಣ ಹೆಜ್ಜೆಗಳಲ್ಲಿ ಏರುತ್ತದೆ ಎಂಬುದನ್ನು. 1, 2, 3 ಎಂಬ ಹಂತಗಳನ್ನಷ್ಟೇ ತೋರಿಸುವ ಯಂತ್ರದಲ್ಲಿ ಒಂದು ಹಂತ ಎಂದರೆ ಎಷ್ಟು ಎಂದು ತಿಳಿಯುವುದಿಲ್ಲ. ಮಿಲಿಆಂಪಿಯರ್‌ನಲ್ಲಿ (ಅಂದರೆ ಹರಿಯುವ ವಿದ್ಯುತ್ತಿನ ಅಳತೆಯಲ್ಲಿ) ತೋರಿಸುವ ಯಂತ್ರ ಸಿಕ್ಕರೆ ಅದು ಉತ್ತಮ. ನನ್ನ ಈಗಿನದು ಒಂದೊಂದೇ ಮಿಲಿಆಂಪಿಯರ್ ಏರುತ್ತದೆ. ಸೊಂಟಕ್ಕೆ ನನಗೆ ಹಿತವಾಗುವುದು ಇಪ್ಪತ್ತರ ಆಸುಪಾಸು. ಅಲ್ಲಿಂದ ಎರಡು ಹೆಜ್ಜೆ ಮೇಲೆ ಹೋದರೆ ಸ್ನಾಯು ಬಿಗಿಯುತ್ತದೆ. ಮೊದಲ ಯಂತ್ರದಲ್ಲಿ ಆರಕ್ಕೂ ಏಳಕ್ಕೂ ನಡುವೆ ನಾನು ಹುಡುಕುತ್ತಿದ್ದ ಜಾಗ ಇದು.

ಪೆಟ್ಟಿಗೆಯ ಮೇಲೆ 'ಗರಿಷ್ಠ 80 ಮಿಲಿಆಂಪಿಯರ್' ಎಂದು ಬರೆದಿದ್ದರೆ ಕೈಪಿಡಿಯ ಕೊನೆಯ ಪುಟದಲ್ಲಿ ಅದು ಎಷ್ಟು ಓಮ್ ತಡೆಗೆ ಅಳೆದದ್ದು ಎಂದೂ ನೋಡಿ. 500 ಓಮ್‌ನಲ್ಲಿ ಅಳೆದ 80 ಮತ್ತು 1000 ಓಮ್‌ನಲ್ಲಿ ಅಳೆದ 80 ಒಂದೇ ಅಲ್ಲ. ಎರಡನೆಯದಕ್ಕೆ ಎರಡು ಪಟ್ಟು ವೋಲ್ಟೇಜ್ ಬೇಕು. ಒಣ ಚರ್ಮದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕೈಪಿಡಿಯಲ್ಲಿ ಈ ಸಂಖ್ಯೆಯೇ ಇಲ್ಲದ ಯಂತ್ರವನ್ನು ನಾನು ಕೊಳ್ಳುವುದಿಲ್ಲ.

ಆವರ್ತನದ ವಿಷಯಕ್ಕೆ ಬಂದರೆ, ಮೊದಲ ಯಂತ್ರದಲ್ಲಿ 24 ಮೋಡ್‌ಗಳಿದ್ದವು. ಪ್ರತಿಯೊಂದಕ್ಕೂ ಒಂದು ಚಿತ್ರ: ಅಂಗೈ, ಮುಷ್ಟಿ, ಬೆರಳು, ಸುತ್ತಿಗೆ. ಒಳಗೆ ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ, ಓಡುತ್ತಿದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ನಿಜವಾಗಿ ಬೇಕಾದವು ಎರಡು ಮೂರು ಮಾತ್ರ. 80ರಿಂದ 120 ಹರ್ಟ್ಸ್‌ವರೆಗಿನದು ಒಂದು: ಬಿಡಿಬಿಡಿ ಮಿಡಿತ ಗೊತ್ತಾಗದೆ ಒಂದೇ ಸಮನೆ ಜುಮ್ಮೆನ್ನುತ್ತದೆ, ಬೇಗ ಕೆಲಸಕ್ಕೆ ಬರುತ್ತದೆ, ತೆಗೆದರೆ ಬಹಳ ಹೊತ್ತು ಉಳಿಯುವುದಿಲ್ಲ. 2ರಿಂದ 4 ಹರ್ಟ್ಸ್‌ನದು ಇನ್ನೊಂದು: ಸ್ನಾಯು ಟಕ್ ಟಕ್ ಎಂದು ಕುಣಿಯುವಷ್ಟು ಜೋರಾಗಿ ಕೊಡುತ್ತಾರೆ, ದೇಹದ ಸ್ವಂತ ನೋವುನಿವಾರಕಗಳಾದ ಎಂಡಾರ್ಫಿನ್‌ನಂಥವು ಇದರಲ್ಲಿ ಕೆಲಸ ಮಾಡುತ್ತವೆ, ಪರಿಣಾಮ ನಿಧಾನವಾಗಿ ಬಂದು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಮೂರನೆಯದು ಆವರ್ತನವನ್ನು ತಾನೇ ಏರಿಸಿ ಇಳಿಸುತ್ತಾ ಹೋಗುವ ಬಗೆ. ಇದರ ಜೊತೆ ಪಲ್ಸ್ ವಿಡ್ತ್, ಅಂದರೆ ಒಂದೊಂದು ಮಿಡಿತ ಎಷ್ಟು ಮೈಕ್ರೋಸೆಕೆಂಡ್ ಇರುತ್ತದೆ ಎಂಬುದನ್ನು 50ರಿಂದ 250ರವರೆಗಾದರೂ ಬದಲಿಸಲು ಬಂದರೆ ಸಾಕು. ನಮಗೆ ಕಾಣುವ ಹಾಗೆ ಅಂಕಿಗಳಿದ್ದು, ನಾವೇ ತಿರುಗಿಸುವ ಹಾಗಿರಬೇಕು, ಅಷ್ಟೆ.

ಮೂರನೆಯ ಬಗೆ ಏಕೆ ಬೇಕು ಎಂದು ನನಗೆ ಅನುಭವದಿಂದ ತಿಳಿಯಿತು. ಪ್ರತಿದಿನ ಒಂದೇ ಆವರ್ತನ, ಒಂದೇ ತೀವ್ರತೆಯಲ್ಲಿ ಹಾಕಿಕೊಂಡರೆ ದೇಹ ಒಗ್ಗಿಬಿಡುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕೆಲವೇ ದಿನಗಳಲ್ಲಿ ಕಂಡುಬಂದಿದೆ. ನನಗೆ ಮೂರನೆಯ ವಾರದ ಹೊತ್ತಿಗೆ ಮೊದಲಿನ ಗುಣ ಕಾಣಿಸಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿದಂತೆ ಒಂದು ದಿನ 100 ಹರ್ಟ್ಸ್, ಮರುದಿನ 4 ಹರ್ಟ್ಸ್ ಎಂದು ಬದಲಿಸಿಕೊಂಡೆ, ನೋವಿಲ್ಲದ ದಿನ ಮುಟ್ಟಲೇ ಇಲ್ಲ. ಅದಾದ ಮೇಲೆ ಆ ಗುಣ ಇಷ್ಟು ವರ್ಷ ಉಳಿದುಕೊಂಡಿದೆ. ಹಾಕಿಕೊಂಡ ಹತ್ತು ನಿಮಿಷಕ್ಕೆ ಜುಮುಜುಮು ಮಸುಕಾದರೆ ಅದು ಬೇರೆ ವಿಷಯ. ಒಂದೋ ಎರಡೋ ಹೆಜ್ಜೆ ಏರಿಸಿದರೆ ಸರಿಹೋಗುತ್ತದೆ. ಅಲ್ಲಿಯೂ ಸಣ್ಣ ಹೆಜ್ಜೆಯ ಗುಂಡಿಯೇ ಬೇಕು.

ಎರಡನೆಯ ಯಂತ್ರ ವೈರ್ ಇಲ್ಲದ್ದು. ಅಂಗೈಯಗಲದ ಒಂದು ಪಟ್ಟಿ, ನಡುವೆ ಬಟನ್ನಿನಂತೆ ಕೂರುವ ಸಣ್ಣ ಬಿಲ್ಲೆ, ಎಲ್ಲವೂ ಮೊಬೈಲಿನಿಂದ. ಅಂಗಿಯೊಳಗೆ ಹಾಕಿಕೊಂಡು ಕಚೇರಿಯಲ್ಲಿ ಕುಳಿತರೆ ಪಕ್ಕದವರಿಗೂ ತಿಳಿಯುತ್ತಿರಲಿಲ್ಲ. ಮೊದಲ ಆರು ತಿಂಗಳು ನನಗೆ ಅದರ ಮೇಲೆ ಬಹಳ ಪ್ರೀತಿಯಿತ್ತು, ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಆದರೆ ಎರಡು ಪ್ಯಾಡ್‌ಗಳ ನಡುವಿನ ಅಂತರ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಸೊಂಟಕ್ಕೊಂದು, ನೋವು ಇಳಿಯುವ ದಾರಿಯಲ್ಲಿ ತೊಡೆಯ ಹಿಂದಕ್ಕೊಂದು ಎಂದು ಇಡಲು ಬರುವುದಿಲ್ಲ. ಅಮ್ಮನ ಮಂಡಿಗೆ ಚಿಪ್ಪಿನ ಸುತ್ತ ನಾಲ್ಕು ಪ್ಯಾಡ್ ಬೇಕು. ಅದಂತೂ ಸಾಧ್ಯವೇ ಇಲ್ಲ. ಬಿಲ್ಲೆಯ ಮೇಲೆ ಗುಂಡಿಯೂ ಇರಲಿಲ್ಲ. ಒಂದು ದಿನ ಮೊಬೈಲಿನ ತಂತ್ರಾಂಶ ಹೊಸದಾದ ಮೇಲೆ ಆ್ಯಪ್ ಯಂತ್ರವನ್ನು ಗುರುತಿಸುವುದನ್ನೇ ನಿಲ್ಲಿಸಿತು. ತಯಾರಕರಿಗೆ ಮೂರು ಸಲ ಬರೆದೆ. ಹೊಸ ಮಾದರಿ ಕೊಳ್ಳಿ ಎಂಬ ಉತ್ತರ ಬಂತು. ಯಂತ್ರ ಸರಿಯಾಗಿಯೇ ಇದೆ, ಬ್ಯಾಟರಿ ತುಂಬುತ್ತದೆ, ಆದರೆ ಚಾಲೂ ಮಾಡುವ ದಾರಿಯಿಲ್ಲ. ಆ್ಯಪ್ ಇರಲಿ, ಬೇಡವೆನ್ನುವುದಿಲ್ಲ. ಆದರೆ ಮೊಬೈಲ್ ಇಲ್ಲದೆಯೂ ಏರಿಸಲು, ಇಳಿಸಲು, ಆರಿಸಲು ಯಂತ್ರದ ಮೇಲೆಯೇ ಗುಂಡಿ ಇರಲೇಬೇಕು.

ಪ್ಯಾಡ್ ಮತ್ತು ವೈರ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಯಂತ್ರ ಒಮ್ಮೆ ಕೊಂಡರೆ ಆಯಿತು, ಇವನ್ನು ಮಾತ್ರ ಮತ್ತೆ ಮತ್ತೆ ಕೊಳ್ಳುತ್ತಲೇ ಇರಬೇಕು. ನನ್ನ ಮೊದಲ ಯಂತ್ರದ ಪ್ಯಾಡ್‌ಗೆ ಆ ಕಂಪನಿಯದ್ದೇ ವಿಚಿತ್ರ ಆಕಾರದ ಕೊಂಡಿ. ಎರಡು ವರ್ಷದಲ್ಲಿ ಅದು ಸಿಗುವುದು ನಿಂತುಹೋಯಿತು. ಈಗಿನದಕ್ಕೆ ಎಲ್ಲೆಡೆ ಬಳಕೆಯಲ್ಲಿರುವ 2 ಮಿಲಿಮೀಟರ್ ಪಿನ್. ಯಾವ ತಯಾರಕರ ಪ್ಯಾಡ್ ಆದರೂ ಕೂರುತ್ತದೆ. 5 ಸೆಂಟಿಮೀಟರ್ ಚೌಕದ್ದು ಸೊಂಟಕ್ಕೂ ಮಂಡಿಗೂ ಸರಿಯಾಗುತ್ತದೆ. ತೀರಾ ಸಣ್ಣ ಪ್ಯಾಡ್‌ನಲ್ಲಿ ಅಷ್ಟೇ ವಿದ್ಯುತ್ ಕಡಿಮೆ ಜಾಗದಲ್ಲಿ ಇಳಿಯುವುದರಿಂದ ಚುಚ್ಚುತ್ತದೆ. ಅಂಚು ಎದ್ದ ಪ್ಯಾಡ್ ಚುಚ್ಚುವುದೂ ಇದೇ ಕಾರಣಕ್ಕೆ. ಒಂದು ಜೊತೆ ನನಗೆ ಇಪ್ಪತ್ತು ಇಪ್ಪತ್ತೈದು ಸಲ ಬರುತ್ತದೆ. ಅಂಟಿಸುವ ಮೊದಲು ಒದ್ದೆ ಬಟ್ಟೆಯಿಂದ ಚರ್ಮ ಒರೆಸಿ ಒಣಗಲು ಬಿಡುತ್ತೇನೆ. ಎಣ್ಣೆ, ಕ್ರೀಮು ಹಚ್ಚಿದ ದಿನ ಹಾಕುವುದಿಲ್ಲ. ತೆಗೆಯುವಾಗ ವೈರ್ ಹಿಡಿದು ಎಳೆಯದೆ ಪ್ಯಾಡಿನ ಮೂಲೆ ಹಿಡಿದು ಬಿಡಿಸಬೇಕು. ಜೆಲ್ ಒಣಗಿದಂತೆ ಕಂಡರೆ ಬೆರಳ ತುದಿಯಿಂದ ಒಂದು ಹನಿ ನೀರು ಸವರಿ, ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಗಾಳಿಯಾಡದ ಚೀಲದಲ್ಲಿಟ್ಟರೆ ಮರುದಿನಕ್ಕೆ ಮತ್ತೆ ಹಿಡಿಯುತ್ತದೆ. ನನ್ನ ಪ್ಯಾಡ್ ಅಮ್ಮನಿಗಿಲ್ಲ, ಅಮ್ಮನದು ನನಗಿಲ್ಲ.

ವೈರ್ ಹಾಳಾಗುವುದು ಪ್ಲಗ್ಗಿನ ಕತ್ತಿನಲ್ಲಿ. ಮೊದಲ ಯಂತ್ರದ ಕೊನೆಯ ದಿನಗಳಲ್ಲಿ ಹೀಗಾಯಿತು: ಎಡಗಡೆಯ ಜುಮುಜುಮು ಇದ್ದಕ್ಕಿದ್ದಂತೆ ನಿಂತಿತು. ಒಗ್ಗಿಹೋಗಿರಬೇಕು ಎಂದುಕೊಂಡು ಏಳಕ್ಕೆ, ಎಂಟಕ್ಕೆ, ಹತ್ತಕ್ಕೆ ಏರಿಸಿದೆ, ಏನೂ ಇಲ್ಲ. ಸರಿಯಾಗಿ ಕೂರೋಣವೆಂದು ಸ್ವಲ್ಪ ಹೊರಳಿದೆ. ಒಳಗೆ ತುಂಡಾಗಿದ್ದ ತಂತಿ ಆ ಕ್ಷಣದಲ್ಲಿ ಕೂಡಿಕೊಂಡಿತು. ಹತ್ತನೆಯ ಹಂತದ ಅಷ್ಟೂ ಬಲ ಒಮ್ಮೆಲೇ ಸೊಂಟಕ್ಕೆ ಇಳಿದು ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಸುಟ್ಟಿರಲಿಲ್ಲ, ಗಾಯವಾಗಿರಲಿಲ್ಲ, ಆದರೆ ಬಿಗಿದ ಸ್ನಾಯು ಸಡಿಲವಾಗಲು ಎರಡು ದಿನ ಬೇಕಾಯಿತು. ಈಗಿನ ಯಂತ್ರದಲ್ಲಿ ಪ್ಯಾಡ್ ಕಳಚಿದರೆ ಅಥವಾ ವೈರ್ ಬಿಟ್ಟರೆ ಅದು ತಾನೇ ಕಂಡುಹಿಡಿದು ತೀವ್ರತೆಯನ್ನು ಸೊನ್ನೆಗೆ ಇಳಿಸಿ ಬೀಪ್ ಎನ್ನುತ್ತದೆ. ಎಷ್ಟೇ ಚೆಂದದ ಪರದೆಯಿರಲಿ, ಈ ಒಂದು ಗುಣವಿಲ್ಲದ ಯಂತ್ರವನ್ನು ವಯಸ್ಸಾದವರ ಕೈಗೆ ಕೊಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಜುಮುಜುಮು ಇದ್ದಕ್ಕಿದ್ದಂತೆ ನಿಂತರೆ ಏರಿಸಲು ಹೋಗದೆ, ಮೊದಲು ಸೊನ್ನೆಗೆ ತಂದು ಆಮೇಲೆ ವೈರ್ ನೋಡಿ.

ಮೂರನೆಯ ಯಂತ್ರಕ್ಕೆ ಈಗ ಎರಡೂವರೆ ವರ್ಷ. ಎರಡು ಚಾನೆಲ್ (ಒಂದೊಂದಕ್ಕೆ ಒಂದು ಜೊತೆ ಪ್ಯಾಡ್), ಪ್ರತಿ ಚಾನೆಲ್‌ಗೂ ಬೇರೆ ಬೇರೆ ಗುಂಡಿ, ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಟೈಮರ್, ಜೇಬಿನಲ್ಲಿ ಒತ್ತಿಹೋಗದಂತೆ ಬೀಗದ ಗುಂಡಿ. ಬಣ್ಣದ ಪರದೆಯಿಲ್ಲ. ಅಂಕಿಗಳು ದಪ್ಪಗಿವೆ, ಅಮ್ಮನಿಗೆ ಕನ್ನಡಕವಿಲ್ಲದೆಯೂ ಕಾಣುತ್ತವೆ. ಮೊದಲ ಸಲ ಆಕೆಯ ಮಂಡಿಗೆ ಹಾಕಿದಾಗ ನಾನು ಒಂದೊಂದೇ ಏರಿಸುತ್ತಾ ಮುಖ ನೋಡುತ್ತಿದ್ದೆ. ಹನ್ನೊಂದಕ್ಕೆ ಬಂದಾಗ "ಇರುವೆ ಸಾಲುಗಟ್ಟಿ ಹೋದ ಹಾಗಿದೆ" ಎಂದಳು. "ಸಾಕೇ ಅಮ್ಮ?" ಎಂದು ಕೇಳಿದೆ. "ಇನ್ನೊಂದು ಒತ್ತು, ನೋಡೋಣ" ಎಂದಳು. ಹದಿನಾಲ್ಕಕ್ಕೆ "ಇಲ್ಲಿಯೇ ಇರಲಿ" ಎಂದು ಕೈ ತಡೆದಳು. ಅಂದಿನಿಂದ ಹದಿನಾಲ್ಕು ಆಕೆಯ ಅಂಕಿ. ಅರ್ಧ ಗಂಟೆ ಹಾಕಿಕೊಂಡು ಆ ಹೊತ್ತಿನಲ್ಲೇ ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ಮೊದಲು ಒಂದು ಸುತ್ತು, ಈಗ ನಾಲ್ಕು.

ಸುಮ್ಮನೆ ಮಲಗಿ ಹಾಕಿಕೊಳ್ಳುವುದಕ್ಕಿಂತ ನಡೆದಾಡುವಾಗ ಹಾಕಿಕೊಂಡರೆ ಗುಣ ಹೆಚ್ಚು ಎಂಬುದು ನಮ್ಮಿಬ್ಬರ ಅನುಭವ. ಮೊದಲ ಮೂರು ತಿಂಗಳು ನಾನು ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂಕಿಯಲ್ಲಿ ಬರೆದಿಟ್ಟೆ. ಕುಳಿತಾಗಿನ ನೋವು ಹೆಚ್ಚು ಬದಲಾಗಲಿಲ್ಲ, ಐದಿದ್ದದ್ದು ನಾಲ್ಕಾಯಿತು. ಬಾಗಿ ಏಳುವಾಗಿನ ನೋವು ಏಳರಿಂದ ನಾಲ್ಕಕ್ಕೆ ಇಳಿಯಿತು. ಪ್ಯಾಡ್ ತೆಗೆದ ಮೇಲೆ ಸುಮಾರು ಒಂದು ಗಂಟೆಗೆ ನೋವು ನಿಧಾನವಾಗಿ ಮರಳುತ್ತಿತ್ತು. ಆದರೆ ಅಷ್ಟರಲ್ಲಿ ಅಂದಿನ ವ್ಯಾಯಾಮ ಮುಗಿದಿರುತ್ತಿತ್ತು. ವರ್ಷದ ಕೊನೆಗೆ ಸೊಂಟ ಗಟ್ಟಿಯಾದದ್ದು ವ್ಯಾಯಾಮದಿಂದ. ವ್ಯಾಯಾಮ ತಪ್ಪದೆ ನಡೆದದ್ದು ಯಂತ್ರದಿಂದ.

ವೈದ್ಯಲೋಕದಲ್ಲಿ ಈ ಯಂತ್ರದ ಬಗ್ಗೆ ಒಮ್ಮತವಿಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಕೆಳಬೆನ್ನಿನ ನೋವಿಗೆ ಟೆನ್ಸ್ ಕೊಡಬೇಡಿ ಎಂದೇ ಹೇಳಿದೆ. 2022ರಲ್ಲಿ 381 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವಿಶ್ಲೇಷಣೆ, ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ತಗ್ಗುವುದು ನಿಜ ಎಂದು ಮಧ್ಯಮ ಮಟ್ಟದ ಖಚಿತತೆಯಿಂದ ಹೇಳಿತು. ನನ್ನ ಅನುಭವ ಎರಡನೆಯದಕ್ಕೆ ಹೊಂದುತ್ತದೆ. ಹಾಗೆಂದು ನಿಮಗೂ ಹೊಂದಲೇಬೇಕೆಂದಿಲ್ಲ. ಸಾಧ್ಯವಾದರೆ ಫಿಸಿಯೋಥೆರಪಿ ಕೋಣೆಯಲ್ಲಿ ಎರಡು ಮೂರು ಸಲ ಹಾಕಿಸಿಕೊಂಡು ನೋಡಿ, ಗುಣ ಕಂಡರೆ ಮಾತ್ರ ಕೊಳ್ಳಿ. ಪ್ಯಾಡ್ ಎಲ್ಲಿ ಅಂಟಿಸಬೇಕು ಎಂಬುದನ್ನೂ ಅಲ್ಲಿಯೇ ಕಲಿಯಬಹುದು; ನಾನು ಮೊಬೈಲಿನಲ್ಲಿ ನನ್ನ ಬೆನ್ನಿನ ಫೋಟೊ ತೆಗೆಸಿಕೊಂಡು ಬಂದೆ.

ಕೊಳ್ಳುವಾಗ ಇನ್ನೊಂದು ಗೊಂದಲವಿದೆ. ಸ್ನಾಯುಗಳನ್ನು ಕುಗ್ಗಿಸಿ ಹಿಗ್ಗಿಸಲು ಇರುವ ಇಎಂಎಸ್ ಯಂತ್ರ ನೋಡಲು ಥೇಟ್ ಹೀಗೆಯೇ ಇರುತ್ತದೆ, ಕೆಲವು ಯಂತ್ರಗಳಲ್ಲಿ ಎರಡೂ ಒಟ್ಟಿಗಿವೆ. ನೋವಿಗೆ ಬೇಕಾದದ್ದು ಟೆನ್ಸ್. 'ಎಫ್‌ಡಿಎಯಲ್ಲಿ ನೋಂದಣಿಯಾಗಿದೆ' ಎಂದರೆ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಆ ಅಮೆರಿಕದ ಸಂಸ್ಥೆಯ ಪಟ್ಟಿಯಲ್ಲಿ ಕಂಪನಿಯ ಹೆಸರಿದೆ ಎಂದಷ್ಟೇ. ಯಂತ್ರವನ್ನು ಪರಿಶೀಲಿಸಿ ಮಾರಲು ಒಪ್ಪಿಗೆ ಕೊಟ್ಟದ್ದು ಬೇರೆ, ಅದನ್ನು ಅವರ ಜಾಲತಾಣದಲ್ಲಿ ಹುಡುಕಬಹುದು. ಯುರೋಪಿನ ಸಿಇ ಗುರುತಾದರೆ ಪಕ್ಕದಲ್ಲಿ ನಾಲ್ಕು ಅಂಕಿಗಳಿರಬೇಕು. ಕೈಪಿಡಿಯಲ್ಲಿ ಐಇಸಿ 60601-2-10 ಎಂಬ ಮಾನದಂಡದ ಹೆಸರು ಇದೆಯೇ ಎಂದೂ ನೋಡಿ. ನರ ಮತ್ತು ಸ್ನಾಯು ಉದ್ದೀಪಕಗಳಿಗೆ ಇರುವುದು ಅದೇ.

ಪೇಸ್‌ಮೇಕರ್ ಅಥವಾ ಹೃದಯಕ್ಕೆ ಅಳವಡಿಸಿದ ಬೇರೆ ವಿದ್ಯುತ್ ಸಾಧನ ಇರುವವರು ಈ ಯಂತ್ರವನ್ನು ಮುಟ್ಟಬಾರದು. ಕತ್ತಿನ ಮುಂಭಾಗ, ತಲೆ, ಕಣ್ಣು, ಎದೆಯ ಎರಡೂ ಬದಿಗೆ ಅಡ್ಡಲಾಗಿ, ಗಾಯವಾದ ಚರ್ಮ, ಗಡ್ಡೆ ಇರುವ ಜಾಗ, ರಕ್ತ ಹೆಪ್ಪುಗಟ್ಟಿದ ಕಾಲು, ಇಲ್ಲೆಲ್ಲ ಹಾಕಬಾರದು. ಗರ್ಭಿಣಿಯರು, ಅಪಸ್ಮಾರ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಮಧುಮೇಹದಿಂದ ಪಾದ ಮರಗಟ್ಟಿದವರಿಗೆ ಎಷ್ಟು ಜೋರಾಯಿತು ಎಂಬುದೇ ಗೊತ್ತಾಗುವುದಿಲ್ಲ, ಚರ್ಮ ಸುಡುವ ಅಪಾಯವಿದೆ. ವಾಹನ ಓಡಿಸುವಾಗ, ಸ್ನಾನ ಮಾಡುವಾಗ, ನಿದ್ದೆ ಮಾಡುವಾಗ ಬೇಡ. ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದಿದರೆ ಯಂತ್ರವನ್ನು ಬದಿಗಿಟ್ಟು ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ನೋವಿನ ಕಾರಣ ಗೊತ್ತಿಲ್ಲದೆ ನೋವನ್ನಷ್ಟೇ ಮುಚ್ಚಿಡಲು ಇದನ್ನು ಬಳಸಬೇಡಿ.

ಈಗಿನ ಯಂತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ಗುಂಡಿ ಒತ್ತಿದಾಗಲೆಲ್ಲ ಬೀಪ್ ಎನ್ನುತ್ತದೆ, ಆ ಸದ್ದನ್ನು ನಿಲ್ಲಿಸಲು ಬರುವುದಿಲ್ಲ. ಪರದೆಗೆ ಬೆಳಕಿಲ್ಲ. ಒಂಬತ್ತು ವೋಲ್ಟಿನ ಬ್ಯಾಟರಿ ಬೇಕು; ಮರುತುಂಬಿಸುವ ಬಗೆಯದನ್ನೇ ಎರಡು ಇಟ್ಟುಕೊಂಡಿದ್ದೇನೆ, ಒಂದು ಯಂತ್ರದಲ್ಲಿ, ಒಂದು ಚಾರ್ಜರ್‌ನಲ್ಲಿ. ವೈರ್ ಒಂದು ಜೊತೆ ಬದಲಾಗಿದೆ, ಪಿನ್ ಸಾಮಾನ್ಯದ್ದಾದ್ದರಿಂದ ತಕ್ಷಣ ಸಿಕ್ಕಿತು. ಸೊಂಟಪಟ್ಟಿಗೆ ಸಿಕ್ಕಿಸುವ ಕ್ಲಿಪ್ ಮುರಿದು ಎಂಟು ತಿಂಗಳಾಯಿತು, ಈಗ ಜೇಬಿನಲ್ಲಿಟ್ಟುಕೊಂಡೇ ನಡೆಯುತ್ತೇನೆ. ಬೀಗದ ಗುಂಡಿ ಇರುವುದರಿಂದ ಇಷ್ಟು ದಿನದಲ್ಲಿ ಒಮ್ಮೆಯೂ ತಾನಾಗಿ ಏರಿಲ್ಲ.